ಹಾವಿನ ಹೆಸರು, ಹಾವಿನ ಊರು

ಅಪರಿಚಿತನಾದ ಅತಿಥಿಯೊಬ್ಬನು ಮನೆಯ ಜಗಲಿಯನ್ನು ಏರಿದರೆ, ಕಾಲಿಗೆ ನೀರನ್ನೂ ಬಾಯಿಗೆ ಬೆಲ್ಲವನ್ನೂ ಕೊಟ್ಟ ಮೇಲೆ ಹಿರಿಯರು ಕೇಳುವ ಪ್ರಶ್ನೆಗಳು ಎರಡು: ‘ತಮ್ಮ ಹೆಸರೇನು? ಯಾವ ಊರಾಯಿತು?’ ಹೆಸರನ್ನು ಹೇಳಿದ ಮಾತ್ರಕ್ಕೆ ಪರಿಚಯವು ಪೂರ್ತಿಯಾಗುವುದಿಲ್ಲ. ಒಂದೇ ಹೆಸರಿನವರು ಸೀಮೆಯಲ್ಲಿ ನೂರು ಮಂದಿ ಇರಬಹುದು. ಊರನ್ನು ಹೇಳಿದೊಡನೆ ಆ ಹೆಸರಿಗೆ ಒಂದು ನೆಲೆ ದೊರೆಯುತ್ತದೆ. ಆ ಊರಿನ ಹೊಳೆ, ಹಾದಿ, ಬಂಧುಬಳಗಗಳೆಲ್ಲವೂ ಒಟ್ಟಿಗೆ ನೆನಪಿಗೆ ಬರುತ್ತವೆ. ಹೆಸರು ಇತರರು ಇಟ್ಟುದು; ಬೇಕಾದರೆ ಬದಲಾಯಿಸಿಕೊಳ್ಳಬಹುದು. ಹುಟ್ಟಿದ ಊರನ್ನಾದರೋ ಬದಲಾಯಿಸುವುದು ಯಾರಿಂದಲೂ ಆಗದು.

ಇದೇ ಎರಡು ಪ್ರಶ್ನೆಗಳನ್ನು ಹಾವಿನ ವಿಷಯದಲ್ಲಿ ಎತ್ತಿಕೊಂಡು, ಹಲವು ದಶಕಗಳಿಂದ ಚರ್ಚಿಸುತ್ತ ಬಂದಿರುವ ಜನರು ಅಮೆರಿಕದ ಪಶ್ಚಿಮ ಭಾಗದಲ್ಲಿ ಇದ್ದಾರೆ. ಅವರು ಹಾವಾಡಿಗರಲ್ಲ, ವಿಷವೈದ್ಯರೂ ಅಲ್ಲ. ನಾನಾ ವೃತ್ತಿಗಳಲ್ಲಿ ತೊಡಗಿದ ಗೃಹಸ್ಥರು. ಮನೆಯ ಒಂದು ಕೊಠಡಿಯನ್ನು ಹಾವುಗಳಿಗೆಂದು ಬಿಟ್ಟು, ಸಂಜೆಯ ವಿರಾಮವನ್ನು ಅವುಗಳ ಸೇವೆಯಲ್ಲಿ ಕಳೆಯುವವರು. ಅವರು ಅತ್ಯಂತ ಆದರದಿಂದ ಸಾಕುವ ಹಾವುಗಳಲ್ಲಿ ‘ಮೌಂಟನ್ ಕಿಂಗ್‌ಸ್ನೇಕ್’ ಎಂಬುದು ಒಂದು. ಕನ್ನಡದಲ್ಲಿ ಇದನ್ನು ಬೆಟ್ಟದ ರಾಜಹಾವು ಎನ್ನಬಹುದು.

ಇದು ನಿರ್ವಿಷವಾದ ಹಾವು. ಉದ್ದವು ಎರಡರಿಂದ ಮೂರು ಅಡಿ, ಗಾತ್ರವು ಹೆಬ್ಬೆರಳಿನಷ್ಟು. ಆದರೆ ಬಣ್ಣದಲ್ಲಿ ಇದಕ್ಕೆ ಸಾಟಿಯಾದ ಉರಗಗಳು ವಿರಳ. ಕೆಂಪು, ಕಪ್ಪು, ಬಿಳುಪು ಬಳೆಗಳನ್ನು ಒಂದರ ಪಕ್ಕದಲ್ಲೊಂದು ಕೊರಳಿನಿಂದ ಬಾಲದ ಪರ್ಯಂತ ತೊಡಿಸಿದಂತೆ ಅದರ ಮೈ ಇರುತ್ತದೆ. ಕ್ಯಾಲಿಫೋರ್ನಿಯಾ, ಅರಿಜೋನಾ, ಯೂಟಾ, ನೆವಾಡಾ, ನ್ಯೂ ಮೆಕ್ಸಿಕೊ ರಾಜ್ಯಗಳ ಎತ್ತರದ ಗಿರಿಗಳಲ್ಲಿಯೂ, ಅಲ್ಲಿಂದ ದಕ್ಷಿಣಕ್ಕೆ ಮೆಕ್ಸಿಕೊ ದೇಶದ ಪರ್ವತಗಳಲ್ಲಿಯೂ ಇದರ ವಾಸ. ಪೈನ್ ಮರಗಳ ನೆರಳು, ಬಿರುಕುಬಿಟ್ಟ ಬಂಡೆ, ಸಮೀಪದಲ್ಲೊಂದು ತೊರೆ ಇವಿಷ್ಟಿದ್ದರೆ ಅದಕ್ಕೆ ಸಾಕು. ವರ್ಷದ ಹೆಚ್ಚಿನ ಭಾಗವನ್ನು ಬಂಡೆಯ ಸಂದಿನಲ್ಲಿಯೇ ಕಳೆಯುವುದರಿಂದ, ಆ ಬೆಟ್ಟಗಳಲ್ಲಿ ಜೀವಮಾನವೆಲ್ಲ ತಿರುಗಾಡಿದವರಿಗೂ ಅದರ ದರ್ಶನವು ಅಪರೂಪ.

ರಾಜನೆಂಬ ಬಿರುದು ಬಂದುದು ಈ ಕುಲದ ದೊಡ್ಡ ಹಾವುಗಳ ಪರಾಕ್ರಮದಿಂದ. ಬಯಲಿನ ರಾಜಹಾವುಗಳು ಇತರ ಹಾವುಗಳನ್ನು, ವಿಷಪೂರಿತವಾದ ಗಿಲಕಿಹಾವನ್ನು ಕೂಡ, ಹಿಡಿದು ನುಂಗುವುದುಂಟು. ಆ ವಿಷವು ಅವುಗಳ ಮೈಗೆ ಅಷ್ಟಾಗಿ ಏರುವುದಿಲ್ಲ. ಬೆಟ್ಟದ ರಾಜಹಾವಾದರೋ ಸೌಮ್ಯವಾದುದು. ಹಲ್ಲಿ, ಓತಿಕೇತ, ಕೆಲವೊಮ್ಮೆ ಹಕ್ಕಿಯ ಮರಿ, ಇಲಿಯ ಮರಿ ಇವೇ ಅದರ ಆಹಾರ. ವಂಶದ ಬಿರುದು ಉಳಿದು ವಂಶದ ಶೌರ್ಯವು ಕುಗ್ಗಿದ ಅರಸುಮನೆತನಗಳು ಮನುಷ್ಯರಲ್ಲಿಯೂ ಇಲ್ಲದಿಲ್ಲ.

ವಿದ್ವಾಂಸರು ಇಟ್ಟ ಶಾಸ್ತ್ರೀಯ ನಾಮಗಳನ್ನು ಬಿಡಿಸಿ ನೋಡಿದರೆ ಸಂಸ್ಕೃತವನ್ನು ಬಲ್ಲವರಿಗೆ ಸಂತೋಷವಾಗುವುದು. ಈ ಕುಲಕ್ಕೆಲ್ಲ ‘ಲ್ಯಾಂಪ್ರೊಪೆಲ್ಟಿಸ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಲ್ಯಾಂಪ್ರೊಸ್ ಎಂದರೆ ಹೊಳೆಯುವುದು, ಪೆಲ್ಟೆ ಎಂದರೆ ಗುರಾಣಿ. ನುಣುಪಾದ ಹುರುಪೆಗಳು ಗುರಾಣಿಗಳಂತೆ ಹೊಳೆಯುವ ಹಾವು ಎಂದು ತಾತ್ಪರ್ಯ. ಕ್ಯಾಲಿಫೋರ್ನಿಯಾದ ಹಾವು ‘ಜೊನಾಟಾ’, ಎಂದರೆ ಪಟ್ಟಿಕಟ್ಟಿದುದು. ಅರಿಜೋನಾದ ಹಾವು ‘ಪೈರೊಮೆಲಾನಾ’, ಎಂದರೆ ಬೆಂಕಿಯೂ ಕಪ್ಪೂ ಕೂಡಿದುದು. ‘ಮಲ್ಟಿಸಿಂಕ್ಟಾ’ ಎಂಬುದಕ್ಕೆ ಬಹುಮೇಖಲಾ ಎಂಬ ಬಹುವ್ರೀಹಿಯನ್ನು ಇಟ್ಟರೆ ಒಂದಕ್ಷರವೂ ಹೆಚ್ಚುಕಡಿಮೆಯಾಗದು. ‘ಪಾರ್ವಿರುಬ್ರಾ’ ಅಲ್ಪರಕ್ತಾ, ‘ಪುಲ್ಕ್ರಾ’ ಸುಂದರಿ, ‘ಅಗಾಲ್ಮಾ’ ಎಂದರೆ ಕಣ್ಣಿಗೆ ಆನಂದವನ್ನೀಯುವ ಪ್ರತಿಮೆ. ಕವಿಯಲ್ಲದವನು ಹಾವಿಗೆ ಇಂಥ ಹೆಸರನ್ನು ಇಟ್ಟಾನೆಂದು ತೋರುವುದಿಲ್ಲ.

ಇಂಥ ಹಾವನ್ನು ಸಾಕುವುದು ಹಸುವನ್ನೋ ಗಿಳಿಯನ್ನೋ ಸಾಕಿದಂತಲ್ಲ. ಹಾವು ಯಜಮಾನನ ಗುರುತನ್ನು ಹಿಡಿಯುವುದಿಲ್ಲ, ಕರೆದರೆ ಬರುವುದಿಲ್ಲ, ಮಾಡಿದ ಉಪಚಾರವನ್ನು ಒಪ್ಪಿಕೊಂಡಿತೆಂಬ ಚಿಹ್ನೆಯನ್ನೂ ತೋರುವುದಿಲ್ಲ. ಒಂದೊಂದಕ್ಕೆ ಒಂದೊಂದು ಪ್ರತ್ಯೇಕ ಪೆಟ್ಟಿಗೆ ಇರಬೇಕು. ಏಕೆಂದರೆ ಎಷ್ಟು ಸೌಮ್ಯವೆನಿಸಿದರೂ ರಾಜಹಾವಿನ ಕುಲದ್ದು, ಹಸಿದಾಗ ಜೊತೆಗಾರನನ್ನೇ ನುಂಗಿದರೆ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ತನಗೆ ಬೇಕಾದ ಕಾವನ್ನು ಹಾವು ತಾನೇ ಆರಿಸಿಕೊಳ್ಳುತ್ತದೆ. ಅಡಗಿಕೊಳ್ಳಲು ಮರದ ತೊಗಟೆ ಅಥವಾ ಕಲ್ಲಿನ ಸಂದು, ಕುಡಿಯಲು ನೀರು, ಪೊರೆ ಬಿಡುವ ಕಾಲಕ್ಕೆ ಸ್ವಲ್ಪ ತೇವದ ಪಾಚಿ ಇವು ಅವಶ್ಯ.

ಎಲ್ಲಕ್ಕಿಂತ ಮುಖ್ಯವಾದುದು ಚಳಿಗಾಲ. ಬೆಟ್ಟದ ಹಿಮಕ್ಕೆ ಹೊಂದಿಕೊಂಡ ಈ ಪ್ರಾಣಿಗೆ ಶೀತದ ನಿದ್ರೆಯಿಲ್ಲದಿದ್ದರೆ ಸಂತಾನವು ಸರಿಯಾಗಿ ಆಗುವುದಿಲ್ಲ. ಆದುದರಿಂದ ಸಾಕುವವನು ಶರತ್ಕಾಲದಲ್ಲಿ ಆಹಾರವನ್ನು ನಿಲ್ಲಿಸಿ, ಹೊಟ್ಟೆ ಖಾಲಿಯಾದ ಮೇಲೆ, ಫ್ಯಾರನ್‌ಹೀಟ್ ಮಾಪನದಲ್ಲಿ ಸುಮಾರು 50ರಿಂದ 55 ಅಂಶಗಳ ತಂಪಿನಲ್ಲಿ ಎರಡು ಮೂರು ತಿಂಗಳು ಅದನ್ನು ಮಲಗಿಸುತ್ತಾನೆ. ವಸಂತದಲ್ಲಿ ಎಚ್ಚರಗೊಂಡ ಹಾವು ಪೊರೆಬಿಟ್ಟು ಹೊಸದಾಗುತ್ತದೆ. ಬೇಸಗೆಯಲ್ಲಿ ಹೆಣ್ಣು ಬೆರಳೆಣಿಕೆಯಷ್ಟು ಮೊಟ್ಟೆಗಳನ್ನು ಇಡುತ್ತದೆ. ಅವನ್ನು ತೇವವಾದ ಪಾಚಿಯಲ್ಲಿ ಕಾಪಾಡಿದರೆ ಸುಮಾರು ಎರಡು ತಿಂಗಳಲ್ಲಿ ಗೇಣುದ್ದದ, ಸೀಸದ ಕಡ್ಡಿಯ ಗಾತ್ರದ ಮರಿಗಳು ಹೊರಬರುತ್ತವೆ. ನಿಜವಾದ ಪರೀಕ್ಷೆ ಆಗ ಆರಂಭವಾಗುವುದು. ಓತಿಮರಿಯನ್ನು ತಿನ್ನಲೆಂದು ಹುಟ್ಟಿದ ಮರಿಯು ಸಾಕುವವನು ಕೊಡುವ ಇಲಿಮರಿಯನ್ನು ಮೂಸಿಯೂ ನೋಡುವುದಿಲ್ಲ. ಇಲಿಮರಿಗೆ ಓತಿಯ ಮೈಯ ವಾಸನೆಯನ್ನು ಸವರಿ, ಕತ್ತಲೆಯಲ್ಲಿಟ್ಟು, ಬೆಳಗ್ಗೆ ನೋಡಿ, ಮತ್ತೆ ತೆಗೆದು, ಮತ್ತೆ ಇಟ್ಟು ಹೀಗೆ ವಾರಗಟ್ಟಲೆ ಕಾಯಬೇಕು. ಮೊದಲ ತುತ್ತನ್ನು ಮರಿಯು ನುಂಗಿದ ದಿನ ಆ ಮನೆಯಲ್ಲಿ ಅನ್ನಪ್ರಾಶನದ ಸಂಭ್ರಮ. ಹೀಗೆ ಬದುಕಿದ ಹಾವು ಹದಿನೈದು ವರ್ಷಗಳಿಗೂ ಮಿಕ್ಕಿ ಬಾಳುವುದುಂಟು.

ಪ್ರತಿಯೊಂದು ಪೆಟ್ಟಿಗೆಯ ಮೇಲೆಯೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡು ಸಾಲು. ಮೊದಲನೆಯದು ಹಾವಿನ ಶಾಸ್ತ್ರೀಯ ನಾಮ. ಎರಡನೆಯದು ಅದರ ತಂದೆತಾಯಿಗಳು, ಅಥವಾ ಅವುಗಳ ಪೂರ್ವಿಕರು, ಕಾಡಿನಲ್ಲಿ ಸಿಕ್ಕಿದ ಸ್ಥಳ: ಇಂತಹ ಪರ್ವತಶ್ರೇಣಿ, ಇಂತಹ ಕಣಿವೆ. ಒಂದೇ ಗಿರಿಯ ಗಂಡನ್ನು ಅದೇ ಗಿರಿಯ ಹೆಣ್ಣಿನೊಡನೆ ಮಾತ್ರ ಕೂಡಿಸುವುದು ನಿಷ್ಠಾವಂತರ ನಿಯಮ. ಅವರು ಇದನ್ನು ಸ್ಥಳದ ವಂಶವೆಂದು ಕರೆಯುತ್ತಾರೆ. ಹೊರಗಿನವನಿಗೆ ಈ ಎರಡು ಸಾಲುಗಳು ಒಂದೇ ತೂಕದವೆಂದು ತೋರಬಹುದು. ಅವುಗಳ ತೂಕ ಒಂದೇ ಅಲ್ಲವೆಂಬುದನ್ನು ಹೆಸರುಗಳ ಇತಿಹಾಸವು ತೋರಿಸಿಕೊಡುತ್ತದೆ.

ಕ್ಯಾಲಿಫೋರ್ನಿಯಾದ ಹಾವಿಗೆ ‘ಜೊನಾಟಸ್’ ಎಂಬ ಹೆಸರು ಮೊದಲು ಕಾಣಿಸಿಕೊಂಡುದು 1835ರಲ್ಲಿ, ಫ್ರಾನ್ಸಿನ ಬ್ಲೇನ್‌ವಿಲ್ ಎಂಬ ಪ್ರಾಣಿಶಾಸ್ತ್ರಜ್ಞನ ಬರಹದಲ್ಲಿ. ಅಂದಿನ ಬರಹಗಳಲ್ಲಿ ಸ್ಥಳವೆಂದರೆ ಬಹುಮಟ್ಟಿಗೆ ಇಡೀ ಪ್ರಾಂತದ ಹೆಸರೇ. ಯಾವ ಬೆಟ್ಟ, ಯಾವ ಹಳ್ಳವೆಂದು ಕೇಳುವವರಿರಲಿಲ್ಲ. 1923ರಲ್ಲಿ ವ್ಯಾನ್ ಡೆನ್‌ಬರ್ಗ್ ಮತ್ತು ಸ್ಲೆವಿನ್ ಎಂಬ ಇಬ್ಬರು ಮೆಕ್ಸಿಕೊಗೆ ಸೇರಿದ ಬಾಹಾ ಕ್ಯಾಲಿಫೋರ್ನಿಯಾದಿಂದ ಎರಡು ಹೊಸ ಹಾವುಗಳನ್ನು ವರ್ಣಿಸಿದರು. ಒಂದು ಸ್ಯಾನ್ ಪೆಡ್ರೊ ಮಾರ್ಟಿರ್ ಪರ್ವತದ್ದು. ಇನ್ನೊಂದು ಎನ್ಸೆನಾಡಾ ಪಟ್ಟಣದ ಎದುರಿನ ತೋದೋಸ್ ಸಾಂತೋಸ್ ಎಂಬ ಪುಟ್ಟ ದ್ವೀಪದ್ದು. ಆ ದ್ವೀಪದ ಹಾವಿನಲ್ಲಿ ಕೆಂಪು ಬಹುತೇಕ ಮಾಯವಾಗಿ ಕಪ್ಪುಬಿಳುಪು ಮಾತ್ರ ಉಳಿದಿರುವುದು ವಿಚಿತ್ರ. 1952ರಲ್ಲಿ ರಿಚರ್ಡ್ ಜ್ವೈಫೆಲ್ ಎಂಬ ವಿದ್ವಾಂಸನು ಎಲ್ಲವನ್ನೂ ಒಟ್ಟುಗೂಡಿಸಿ ಪರಿಶೀಲಿಸಿದನು. ಬಳೆಗಳ ಸಂಖ್ಯೆ ಎಷ್ಟು, ಕೆಂಪು ಬೆನ್ನಿನ ಮೇಲೆ ಎಷ್ಟು ಬಳೆಗಳಲ್ಲಿ ಕೂಡಿಕೊಂಡಿದೆ, ಮೂತಿಯ ಮೇಲೆ ಕೆಂಪು ಇದೆಯೋ ಬರಿಯ ಕಪ್ಪೋ ಎಂಬುದನ್ನೆಲ್ಲ ಎಣಿಸಿ ಅಳೆದು, ಒಂದೇ ಪ್ರಭೇದದಲ್ಲಿ 7 ಉಪಪ್ರಭೇದಗಳೆಂದು ವ್ಯವಸ್ಥೆ ಮಾಡಿದನು. ಮುಂದೆ ಸುಮಾರು ಅರ್ಧ ಶತಮಾನ ಪರ್ಯಂತ ಸಾಕುವವರ ಚೀಟಿಗಳ ಮೊದಲ ಸಾಲನ್ನು ಆಳಿದುದು ಈ ವ್ಯವಸ್ಥೆಯೇ.

ಆಮೇಲೆ ಬಂದುದು ರಕ್ತಪರೀಕ್ಷೆಯ ಯುಗ. 1999ರಲ್ಲಿ ರೊಡ್ರಿಗೆಜ್-ರೊಬ್ಲೆಸ್ ಮತ್ತು ಅವನ ಸಂಗಡಿಗರು ಈ ಹಾವುಗಳ ಜೀವಕೋಶದಲ್ಲಿನ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ, ಡಿ.ಎನ್.ಎ. ತಂತುವನ್ನು ಓದಿದರು. ಅಳಿಯಸಂತಾನದ ಮನೆತನದ ಚರಿತ್ರೆಯನ್ನು ತಾಯಂದಿರ ಪಂಕ್ತಿಯಲ್ಲಿ ಹಿಡಿದು ಹೋದಂತೆ ಈ ಕ್ರಮ. ಅವರಿಗೆ ಕಂಡುಬಂದುದು ಏಳು ಶಾಖೆಗಳಲ್ಲ. ಉತ್ತರದ್ದೊಂದು, ದಕ್ಷಿಣದ್ದೊಂದು ಹೀಗೆ ಎರಡು ಮಹಾಶಾಖೆಗಳು. ಮೂತಿಯ ಬಣ್ಣವೂ ಬಳೆಗಳ ಲೆಕ್ಕವೂ ವಂಶವನ್ನು ನಿರ್ಣಯಿಸಲು ನಂಬತಕ್ಕ ಸಾಕ್ಷಿಗಳಲ್ಲವೆಂದು ತಿಳಿದುಬಂದಿತು. ತಾಯಿಯ ಪಂಕ್ತಿಯೊಂದನ್ನೇ ಹಿಡಿದರೆ ಮನೆತನದ ಕಥೆಯು ಅರ್ಧ ಮಾತ್ರ ತಿಳಿಯುವುದೆಂದು, 2013ರಲ್ಲಿ ಮಯರ್ಸ್ ಮೊದಲಾದವರು ತಂದೆತಾಯಿಗಳಿಬ್ಬರಿಂದಲೂ ಬರುವ ಹಲವು ತಂತುಗಳನ್ನು ಸೇರಿಸಿ ಓದಿದರು. ಉತ್ತರದ್ದು ‘ಜೊನಾಟಾ’, ದಕ್ಷಿಣದ್ದು ‘ಮಲ್ಟಿಫಾಸಿಯಾಟಾ’, ಇವೆರಡೂ ಬೇರೆ ಬೇರೆ ಪ್ರಭೇದಗಳೆಂಬುದು ಅವರ ಅಭಿಪ್ರಾಯ. ಏಳು ಹೆಸರುಗಳು ಎರಡಾದುವು. ಸುಂದರಿಯೂ ಅಲ್ಪರಕ್ತೆಯೂ ಹಳೆಯ ಪುಸ್ತಕಗಳ ಪುಟಗಳಿಗೆ ಹಿಂದಿರುಗಿದರು.

ಅರಿಜೋನಾದ ಹಾವಿನ ಕಥೆಯೂ ಇಂಥದೇ. 1860ರ ದಶಕದಲ್ಲಿ ಎಡ್ವರ್ಡ್ ಕೋಪ್ ಎಂಬ ಪ್ರಸಿದ್ಧ ಪಂಡಿತನು ‘ಪೈರೊಮೆಲಾನಾ’ ಎಂಬ ಹೆಸರನ್ನು ಕೊಟ್ಟನು. 1940ರಲ್ಲಿ ಎಡ್ವರ್ಡ್ ಟೇಲರ್ ಎಂಬವನು ಮೆಕ್ಸಿಕೊದ ಚಿಹುವಾಹುವಾ ಪ್ರಾಂತದ ಹಾವಿಗೆ ‘ನಾಬ್ಲಾಕಿ’ ಎಂದು ಬೇರೆ ಹೆಸರಿಟ್ಟನು. 1953ರಲ್ಲಿ ಟ್ಯಾನರ್ ಎಂಬವನು ಕೆಳದುಟಿಯ ಹುರುಪೆಗಳನ್ನೂ ಬಿಳಿಯ ಬಳೆಗಳನ್ನೂ ಎಣಿಸಿ ಮತ್ತೆರಡು ಉಪಪ್ರಭೇದಗಳನ್ನು ಸ್ಥಾಪಿಸಿದನು. 2011ರಲ್ಲಿ ಬರ್‌ಬ್ರಿಂಕ್ ಮತ್ತು ಸಹಚರರು ತಂತುಗಳನ್ನು ಓದಿ, ನಿಜವಾದ ಗಡಿಯು ಬಳೆಗಳಲ್ಲಿಲ್ಲ, ನೆಲದಲ್ಲಿದೆ ಎಂದರು. ಅರಿಜೋನಾದ ನಡುವೆ ಸುಮಾರು 200 ಮೈಲಿ ಉದ್ದಕ್ಕೆ ಗೋಡೆಯಂತೆ ನಿಂತಿರುವ ಮೊಗೊಯಾನ್ ಎಂಬ ದೊಡ್ಡ ಪ್ರಪಾತದ ಅಂಚು ಇದೆ. ವಂಶವು ಎರಡಾಗಿ ಒಡೆದುದು ಅಲ್ಲಿ. ಉತ್ತರದ ಹಾವು ‘ಪೈರೊಮೆಲಾನಾ’. ದಕ್ಷಿಣದ ಗಿರಿಗಳ ಹಾವು ಮೆಕ್ಸಿಕೊದ ‘ನಾಬ್ಲಾಕಿ’ಯ ದಾಯಾದಿ.

ಈ ಗಿರಿಗಳ ಸ್ವರೂಪವನ್ನು ತಿಳಿಯದೆ ಹಾವಿನ ವಂಶವು ತಿಳಿಯದು. ದಕ್ಷಿಣ ಅರಿಜೋನಾದಲ್ಲಿ ನೆಲವೆಲ್ಲ ಒಣಗಿದ ಮರುಭೂಮಿ. ಅದರ ನಡುವೆ ಹುವಾಚುಕಾ, ಚಿರಿಕಾಹುವಾ, ಪಿನಲೇನೊ ಮೊದಲಾದ ಪರ್ವತಗಳು ಒಂದಕ್ಕೊಂದು ಸೇರದೆ ಬೇರೆ ಬೇರೆಯಾಗಿ ಎದ್ದಿವೆ. ಪಿನಲೇನೊದ ಶಿಖರವು 10,700 ಅಡಿಗಳಿಗೂ ಎತ್ತರ. ಕೆಳಗೆ ಕಳ್ಳಿಯ ಗಿಡ, ಮೇಲೆ ಪೈನ್ ಮರದ ಕಾಡು. ಇವನ್ನು ಆಕಾಶದ ದ್ವೀಪಗಳೆಂದು ಕರೆಯುವುದು ಉಚಿತವೇ ಆಗಿದೆ. ಹಿಮಯುಗದ ತಂಪಿನಲ್ಲಿ ಈ ಕಾಡು ಕೆಳಗಿಳಿದು ಬಯಲನ್ನು ಆವರಿಸಿತ್ತು. ಹೆಗ್ಗಣದಂಥ ಒಂದು ಪ್ರಾಣಿ ಬಂಡೆಯ ಗವಿಗಳಲ್ಲಿ ಕೂಡಿಟ್ಟು, ಸಹಸ್ರಾರು ವರ್ಷ ಕೆಡದೆ ಉಳಿದ ಎಲೆಕಡ್ಡಿಗಳ ರಾಶಿಯೇ ಇದಕ್ಕೆ ಸಾಕ್ಷಿ: ಇಂದು ಮರುಭೂಮಿಯಾದಲ್ಲಿ ಅಂದು ಬೆಟ್ಟದ ಮರಗಳಿದ್ದುವು. ತಂಪಿನ ಕಾಲದಲ್ಲಿ ಹಾವು ಗಿರಿಯಿಂದ ಗಿರಿಗೆ ಹೋಗಬಹುದಾಗಿತ್ತು. ಬಿಸಿಯೇರಿದಂತೆ ಕಾಡು ಮೇಲಕ್ಕೆ ಸರಿಯಿತು. ಕಾಡಿನೊಡನೆ ಹಾವೂ ಏರಿತು. ನಡುವಿನ ದಾರಿ ಮುಚ್ಚಿತು. ಹೀಗೆ ಒಂದೊಂದು ಗಿರಿಯ ಹಾವೂ ತನ್ನ ನೆಂಟರಿಂದ ದೂರವಾಗಿ ತನ್ನ ದ್ವೀಪದಲ್ಲಿ ತಾನೇ ಉಳಿಯಿತು. ಚೀಟಿಯ ಎರಡನೆಯ ಸಾಲಿನಲ್ಲಿ ಬರೆದಿರುವ ಗಿರಿಯ ಹೆಸರು ಈ ದೀರ್ಘ ಚರಿತ್ರೆಯ ಸಂಕ್ಷೇಪ.

ಹೊಸ ಹೆಸರುಗಳು ಪ್ರಕಟವಾದಾಗ ಸಾಕುವವರಲ್ಲಿ ಎರಡು ಪಂಗಡಗಳಾಗುವುದು ಸಹಜ. ‘ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಹಾವುಗಳನ್ನು ಒಂದೇ ಎಂದು ಹೇಳುವುದು ಹೇಗೆ?’ ಎಂಬುದು ಒಂದು ಪಕ್ಷ. ‘ಕಣ್ಣು ಮೋಸಹೋಗುತ್ತದೆ, ತಂತು ಮೋಸಹೋಗದು’ ಎಂಬುದು ಇನ್ನೊಂದು. ಈ ವಿವಾದವು ಪಾಠಶಾಲೆಯಲ್ಲಿ ಓದಿದವರಿಗೆ ಹೊಸತಲ್ಲ. ‘ಗೋ’ ಎಂಬ ಪದವು ಸೂಚಿಸುವುದು ಏನನ್ನು ಎಂದು ನ್ಯಾಯಶಾಸ್ತ್ರದಲ್ಲಿ ಪ್ರಶ್ನೆಯನ್ನು ಎತ್ತುವರು. ಎದುರಿಗೆ ನಿಂತಿರುವ ಈ ಒಂದು ಹಸುವೆಂಬ ವ್ಯಕ್ತಿಯನ್ನೆ? ಕೊಂಬು, ಬಾಲ, ಗಂಗೆದೊಗಲು ಮೊದಲಾದ ಅವಯವಗಳ ಜೋಡಣೆಯಾದ ಆಕೃತಿಯನ್ನೆ? ಸಕಲ ಗೋವುಗಳಲ್ಲಿಯೂ ಸಮಾನವಾಗಿರುವ ಜಾತಿಯನ್ನೆ? ಗೌತಮನು ಮೂರನ್ನೂ ಸ್ವೀಕರಿಸಿದನು. ಪೆಟ್ಟಿಗೆಯಲ್ಲಿ ಸುರುಳಿಸುತ್ತಿ ಮಲಗಿರುವ ಹಾವು ವ್ಯಕ್ತಿ. ಜ್ವೈಫೆಲನು ಬಳೆಗಳನ್ನು ಎಣಿಸಿ ಹಿಡಿದುದು ಆಕೃತಿ. ತಂತುವನ್ನು ಓದಿದವರು ಹುಡುಕಿದುದು ಜಾತಿ. ಮೂವರೂ ಸುಳ್ಳು ಹೇಳಿದವರಲ್ಲ. ಒಂದೊಂದು ಕಾಲದಲ್ಲಿ ಒಂದೊಂದಕ್ಕೆ ಪ್ರಾಧಾನ್ಯ ಬಂದುದಷ್ಟೆ.

ಆದರೆ ಊರೆಂಬುದು ಈ ಮೂರರಲ್ಲಿ ಯಾವುದಕ್ಕೂ ಸೇರದೆ ಉಳಿಯುತ್ತದೆ. ಹೆಸರು ಅನುಮಾನಸಿದ್ಧವಾದುದು, ಹೇತುವು ಬದಲಾದರೆ ನಿರ್ಣಯವೂ ಬದಲಾಗುತ್ತದೆ. ಊರು ಪ್ರತ್ಯಕ್ಷಸಿದ್ಧವಾದುದು; ಇಂತಹ ದಿನ ಇಂತಹ ಕಣಿವೆಯಲ್ಲಿ ಈ ಹಾವು ಕಂಡುಬಂದಿತೆಂಬುದನ್ನು ಯಾವ ಹೊಸ ಸಿದ್ಧಾಂತವೂ ಅಳಿಸಲಾರದು. ಹುವಾಚುಕಾ ಗಿರಿಯ ಹಾವನ್ನು ಸಾಕಿದವನ ಚೀಟಿಯನ್ನು ನೋಡಬಹುದು. ಮೊದಲ ಸಾಲಿನಲ್ಲಿ 1953ರ ತರುವಾಯ ‘ವುಡಿನಿ’ ಎಂಬ ಉಪಪ್ರಭೇದದ ಹೆಸರು ಬಂದಿತು. 2011ರ ತರುವಾಯ ಅದನ್ನು ಹೊಡೆದು ‘ನಾಬ್ಲಾಕಿ’ ಎಂದು ಬರೆಯಬೇಕಾಯಿತು. ನಾಳೆ ಮತ್ತೊಂದು ಬರಬಹುದು. ಎರಡನೆಯ ಸಾಲಿನಲ್ಲಿ ‘ಹುವಾಚುಕಾ’ ಎಂಬುದು ಇದ್ದಂತೆಯೇ ಇದೆ. ಈ ಸಾಲಿದ್ದರೆ ಮೊದಲನೆಯ ಸಾಲನ್ನು ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದು. ಇದೇ ಇಲ್ಲದಿದ್ದರೆ ಹಾವು ಎಷ್ಟು ಸುಂದರವಾಗಿದ್ದರೂ ಅದರ ಕಥೆ ಅಲ್ಲಿಗೇ ಮುಗಿಯಿತು.

ಹಾಗೆಂದು ಆ ಸಾಲು ತಾನಾಗಿಯೇ ಸತ್ಯವಾಗಿರುವುದಿಲ್ಲ. ಮೊದಲು ಕಂಡವನಿಗೆ ಅದು ಪ್ರತ್ಯಕ್ಷ. ಅವನಿಂದ ಪಡೆದವನಿಗೆ ಆಪ್ತವಾಕ್ಯ. ಆಪ್ತನೆಂದರೆ ಇದ್ದುದನ್ನು ಇದ್ದಂತೆ ಹೇಳುವವನು. ಕೆಲವು ಗಿರಿಗಳ ಹಾವಿಗೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದಲ್ಲಿ ನಾಲಗೆ ಸಡಿಲವಾಗುವುದು ಲೋಕದ ಸ್ವಭಾವ. ವ್ಯಾಪಾರಿಯೊಬ್ಬನು ಲಾಭಕ್ಕಾಗಿ ಚೀಟಿಯ ಮೇಲೆ ಒಂದು ಸುಳ್ಳು ಊರನ್ನು ಬರೆದರೆ, ಆ ಸುಳ್ಳು ಮರಿಗೆ, ಮರಿಯ ಮರಿಗೆ, ಮೂವತ್ತು ವರ್ಷಗಳ ತರುವಾಯ ಎಂದೂ ಆ ವ್ಯಾಪಾರಿಯನ್ನು ಕಾಣದ ಮನೆಗೆ ಹೋಗಿ ಸೇರುತ್ತದೆ. ಅಲ್ಲಿ ಪ್ರಾಮಾಣಿಕನಾದವನು ಅದನ್ನೇ ಪ್ರಾಮಾಣಿಕವಾಗಿ ಹೇಳುತ್ತಾನೆ. ಆದುದರಿಂದಲೇ ತಿಳಿದವರು, ಸಂಶಯವಿದ್ದರೆ ‘ಊರು ತಿಳಿಯದು’ ಎಂದೇ ಬರೆಯಬೇಕೆಂದು ನಿಯಮ ಮಾಡಿಕೊಂಡಿರುವರು. ತಿಳಿಯದೆಂದು ಬರೆದ ಚೀಟಿಗೆ ಬೆಲೆ ಇಲ್ಲದಿರಬಹುದು, ಮಾನವಿದೆ.

ವಂಶಶುದ್ಧಿಯ ಮಾತು ಬಂದಲ್ಲಿ ಒಂದು ಎಚ್ಚರವೂ ಅವಶ್ಯ. ಒಂದು ಗಿರಿಯಿಂದ ಬಂದ ಎರಡು ಮೂರು ಹಾವುಗಳ ಸಂತತಿಯನ್ನು ಅವುಗಳಲ್ಲಿಯೇ ಮತ್ತೆ ಮತ್ತೆ ಕೂಡಿಸಿದರೆ, ಕೆಲವು ತಲೆಮಾರುಗಳಲ್ಲಿ ಸಂತಾನವು ದುರ್ಬಲವಾಗುವ ಭಯವುಂಟು. ಬೇರೆ ಗಿರಿಯ ರಕ್ತವನ್ನು ಸೇರಿಸಿದರೆ ಬಲ ಬಂದೀತು. ಊರಿನ ಗುರುತು ಹೋದೀತು. ಈ ಧರ್ಮಸಂಕಟಕ್ಕೆ ಸುಲಭವಾದ ಪರಿಹಾರವಿಲ್ಲ. ಪ್ರಕೃತಿಯಲ್ಲಿಯೂ ಎರಡು ವಂಶಗಳ ಗಡಿಯಲ್ಲಿ ಎರಡರ ಲಕ್ಷಣಗಳೂ ಬೆರೆತ ಹಾವುಗಳು ಇರುವುದನ್ನು ಜ್ವೈಫೆಲನೇ ಕಂಡಿದ್ದನು. ಬೆರೆಯುವುದು ದೋಷವಲ್ಲ, ಬೆರೆತುದನ್ನು ಮರೆಸುವುದು ದೋಷ. ಈ ಗಿರಿಗಿಂತ ಆ ಗಿರಿಯ ಹಾವು ಕುಲದಲ್ಲಿ ಮೇಲೆಂದು ಯಾರೂ ತಿಳಿಯಬೇಕಾಗಿಲ್ಲ. ಮನುಷ್ಯರು ಕುಲದ ಹೆಸರಿನಲ್ಲಿ ಮನುಷ್ಯರನ್ನು ಜಗಲಿಯ ಕೆಳಗೆ ನಿಲ್ಲಿಸಿದ ಪಾಪಕ್ಕೆ ಹಾವಿನ ಚೀಟಿಯನ್ನು ಸಾಕ್ಷಿಯಾಗಿ ಕರೆಯುವುದು ಅನ್ಯಾಯ. ಚೀಟಿ ಹೇಳುವುದು ಯಾವುದು ಶ್ರೇಷ್ಠವೆಂದಲ್ಲ, ಯಾವುದು ಎಲ್ಲಿಯದೆಂದು ಮಾತ್ರ.

ಇನ್ನೊಂದು ತೊಡಕು ಇದಕ್ಕಿಂತ ಕಠಿನವಾದುದು. ಊರನ್ನು ಸ್ಪಷ್ಟವಾಗಿ ಬರೆದಷ್ಟೂ ಆ ಊರಿಗೆ ಅಪಾಯ. ಸುಂದರವಾದ ಹಾವು ಇಂತಹ ಬೆಟ್ಟದ ಇಂತಹ ಇಳಿಜಾರಿನಲ್ಲಿದೆ ಎಂದು ತಿಳಿದೊಡನೆ ಹಾರೆಯನ್ನು ಹಿಡಿದು ಹೊರಡುವವರು ಇದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬಿಸಿಲುಚಳಿಗಳಿಂದ ಪದರಪದರವಾಗಿ ಬಿರಿದ ಕಗ್ಗಲ್ಲಿನ ಹಾಸುಗಳಿವೆ. ಆ ಪದರದ ಕೆಳಗಿನ ಕೈಬೆರಳು ತೂರುವಷ್ಟು ಸಂದೇ ಹಾವಿನ ಮನೆ, ಓತಿಯ ಮನೆ. ಹಾವಿನ ಆಸೆಗೆ ಪದರವನ್ನು ಎಬ್ಬಿಸಿ ಒಡೆದರೆ ಮತ್ತೆ ಜೋಡಿಸಲಾಗದು. ಪ್ರಕೃತಿಯು ಶತಮಾನಗಳಲ್ಲಿ ಕಟ್ಟಿದ ಮನೆಯು ಒಂದು ಗಳಿಗೆಯಲ್ಲಿ ಹಾಳಾಗುವುದು. ಒಂದು ಹಾವನ್ನು ಹಿಡಿದವನು ಇನ್ನು ಹುಟ್ಟಬೇಕಾದ ನೂರು ಹಾವುಗಳ ವಸತಿಯನ್ನು ಕಿತ್ತಂತಾಯಿತು. ಆದುದರಿಂದ ವಿವೇಕಿಗಳು ಶ್ರೇಣಿಯ ಹೆಸರನ್ನು ಬಹಿರಂಗವಾಗಿಯೂ ಕಣಿವೆಯ ಹೆಸರನ್ನು ಗುಟ್ಟಾಗಿಯೂ ಇಟ್ಟುಕೊಳ್ಳುವರು. ವಿದ್ವಾಂಸರಿಗೆ ಪೂರ್ತಿಯಾಗಿ ತಿಳಿಸಬೇಕು, ಸಂತೆಯಲ್ಲಿ ಸಾರಬಾರದು. ಸತ್ಯವನ್ನು ಮುಚ್ಚುವುದಕ್ಕೂ ಸತ್ಯವನ್ನು ಕಾಪಾಡುವುದಕ್ಕೂ ಇರುವ ಅಂತರವು ಇದೇ.

ಚೀಟಿಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. 2003ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯೆಗೊ ಪ್ರಾಂತದಲ್ಲಿ ಎದ್ದ ಕಾಡುಗಿಚ್ಚು ಸುಮಾರು 2,73,000 ಎಕರೆ ನೆಲವನ್ನು ಸುಟ್ಟಿತು. ‘ಸುಂದರಿ’ ಎಂದು ಹೆಸರಾಗಿದ್ದ ಹಾವು ವಾಸಿಸುವ ಕುಯಮಾಕಾ ಬೆಟ್ಟಗಳ ಕಾಡು ಬಹುಮಟ್ಟಿಗೆ ಬೂದಿಯಾಯಿತು. ಬಂಡೆಯ ಆಳದಲ್ಲಿ ಅಡಗುವ ಪ್ರಾಣಿ ಬೆಂಕಿಯಿಂದ ತಪ್ಪಿಸಿಕೊಂಡರೂ, ಮರವಿಲ್ಲದ ಬೆಟ್ಟದಲ್ಲಿ ಅದರ ಬಾಳು ಮೊದಲಿನಂತಿರದು. ಬೆಟ್ಟಗಳು ಬಿಸಿಯೇರುತ್ತಿರುವ ಈ ಕಾಲದಲ್ಲಿ, ಆಕಾಶದ ದ್ವೀಪವೊಂದು ತನ್ನ ಹಾವನ್ನು ಪೂರ್ತಿಯಾಗಿ ಕಳೆದುಕೊಳ್ಳುವ ದಿನ ಬಾರದೆಂದು ಹೇಳಲಾಗದು. ಅಂದು ಆ ಗಿರಿಯ ವಂಶವು ಎಲ್ಲಿಯಾದರೂ ಉಳಿದಿದೆಯೆ ಎಂದು ಯಾರಾದರೂ ವಿಚಾರಿಸಿದರೆ, ಉತ್ತರ ಕೊಡಬಲ್ಲುದು ಎರಡನೆಯ ಸಾಲು ಮಾತ್ರ. ಸಾಕಿದ ಹಾವನ್ನು ತನ್ನಿಚ್ಛೆಯಿಂದ ಕಾಡಿಗೆ ಬಿಡುವ ಅಧಿಕಾರವು ಸಾಕುವವನಿಗೆ ಇಲ್ಲ. ಮನೆಯ ರೋಗವು ಕಾಡಿಗೆ ಹರಡೀತು. ಅವನ ಅಧಿಕಾರವು ದಾಖಲೆಯನ್ನು ಶುದ್ಧವಾಗಿ ಇಟ್ಟುಕೊಳ್ಳುವಷ್ಟರಲ್ಲಿದೆ. ಅದು ಸಣ್ಣ ಅಧಿಕಾರವಲ್ಲ.

ಇದೆಲ್ಲ ಸಮುದ್ರದಾಚೆಯ ಮಾತೆಂದು ಕನ್ನಡ ನಾಡಿನ ವಾಚಕರು ಉದಾಸೀನರಾಗಬೇಕಾಗಿಲ್ಲ. ರಾಜನೆಂಬ ಬಿರುದನ್ನು ಹೊತ್ತ, ಹಾವನ್ನೇ ತಿನ್ನುವ ಮತ್ತೊಂದು ಉರಗವು ಸಹ್ಯಾದ್ರಿಯಲ್ಲಿಯೇ ಇದೆ. ಅದು ಕಾಳಿಂಗಸರ್ಪ. ವಂಶದಲ್ಲಿ ಅಮೆರಿಕದ ರಾಜಹಾವಿಗೂ ಇದಕ್ಕೂ ನಂಟಿಲ್ಲ; ಅದು ನಿರ್ವಿಷ, ಇದು ಮಹಾವಿಷ. 1836ರಲ್ಲಿ ಕ್ಯಾಂಟರ್ ಎಂಬ ವೈದ್ಯನು ವಂಗದೇಶದ ಸುಂದರಬನದ ಹಾವನ್ನು ವರ್ಣಿಸಿ ‘ಹನ್ನಾ’ ಎಂಬ ಹೆಸರಿಟ್ಟ ಮೇಲೆ, ಸಹ್ಯಾದ್ರಿಯಿಂದ ಫಿಲಿಪ್ಪೀನ್ಸ್ ದ್ವೀಪಗಳ ಪರ್ಯಂತ ಇರುವ ಕಾಳಿಂಗಗಳೆಲ್ಲವೂ ಆ ಒಂದೇ ಹೆಸರಿನಲ್ಲಿ ಬಹುಕಾಲ ಉಳಿದುವು. ಪಿ. ಗೌರಿಶಂಕರ್, ಇಂದ್ರನೀಲ್ ದಾಸ್, ವೂಸ್ಟರ್ ಮೊದಲಾದವರು ತಂತುಗಳನ್ನು ಓದಿ, ಪಟ್ಟೆಗಳನ್ನು ಎಣಿಸಿ, 2024ರಲ್ಲಿ ಅವು 4 ಪ್ರಭೇದಗಳೆಂದು ಪ್ರಕಟಿಸಿದರು. ಸಹ್ಯಾದ್ರಿಯ ಹಾವಿಗೆ ಪಟ್ಟೆಗಳು ಕಡಿಮೆ. ಅದು ಈ ಗಿರಿಶ್ರೇಣಿಯಲ್ಲಿ ಮಾತ್ರ ಇರುವುದು. ಅದಕ್ಕೆ ಅವರು ಇಟ್ಟ ಹೆಸರು ‘ಕಾಳಿಂಗ’. ಲೋಕದ ಪ್ರಾಣಿಶಾಸ್ತ್ರದಲ್ಲಿ ಮಲೆನಾಡಿನ ಅಜ್ಜಿಯರ ಬಾಯಿಯ ಮಾತು ಹೀಗೆ ಶಾಶ್ವತವಾಗಿ ನಿಂತಿತು.

ಕಾಳಿಂಗವನ್ನು ಪೆಟ್ಟಿಗೆಯಲ್ಲಿ ಸಾಕುವ ಮಾತು ಇಲ್ಲಿ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದನ್ನು ನಿಷೇಧಿಸಿದೆ, ನಿಷೇಧಿಸಿರುವುದು ನ್ಯಾಯವೂ ಹೌದು. ಆದರೆ ಊರಿನ ವಿಚಾರ ಇಲ್ಲಿಯೂ ಇದ್ದೇ ಇದೆ. ಅಡಕೆಯ ತೋಟದಲ್ಲಿಯೋ ಕೊಟ್ಟಿಗೆಯಲ್ಲಿಯೋ ಕಾಣಿಸಿಕೊಂಡ ಕಾಳಿಂಗವನ್ನು ಹಿಡಿಸಿ, ಪೀಡೆ ತೊಲಗಿತೆಂದು ದೂರದ ಕಾಡಿಗೆ ಒಯ್ದು ಬಿಡುವುದುಂಟು. ಅದು ಸರಿಯಲ್ಲ, ಕಂಡ ಸ್ಥಳದ ಸಮೀಪದಲ್ಲಿಯೇ ಬಿಡಬೇಕು ಎಂದು ಉರಗಗಳನ್ನು ಬಲ್ಲವರು ಹೇಳುತ್ತಾರೆ. ಹಾವಿಗೆ ಕಾಡೆಲ್ಲ ಒಂದೇ ಎಂದು ಮನುಷ್ಯನು ತಿಳಿದಿರುವನು; ಹಾವು ಹಾಗೆ ತಿಳಿದಿಲ್ಲ. ಅದಕ್ಕೆ ಪರಿಚಯವಾದ ಹುತ್ತ, ಹಳ್ಳ, ಬಿದಿರುಮೆಳೆಗಳೇ ಅದರ ಊರು.

ಶಾಸ್ತ್ರವು ಮುಂದುವರಿದಂತೆ ಹೆಸರುಗಳು ಮತ್ತೆ ಒಡೆಯುವುವು, ಮತ್ತೆ ಕೂಡುವುವು. ಅದರಿಂದ ಯಾರೂ ಖೇದಪಡಬೇಕಾದುದಿಲ್ಲ. ತಪ್ಪನ್ನು ತಿದ್ದಿಕೊಳ್ಳುವುದೇ ಶಾಸ್ತ್ರದ ಜೀವಾಳ. ಹಾವನ್ನು ಸಾಕುವ ಸಾಮಾನ್ಯ ಗೃಹಸ್ಥನಿಂದ ಆ ತಿದ್ದುಪಡಿಗೆ ಆಗಬೇಕಾದ ಸಹಾಯವು ದೊಡ್ಡದಲ್ಲ. ತಾನು ಕಂಡುದನ್ನು ಕಂಡಂತೆ, ಕೇಳಿದುದನ್ನು ಕೇಳಿದಂತೆ, ತಿಳಿಯದುದನ್ನು ತಿಳಿಯದೆಂದೇ ಬರೆದಿಟ್ಟರೆ ಸಾಕು. ಹಾವು ಹದಿನೈದು ವರ್ಷ ಬಾಳುತ್ತದೆ, ಸಾಕಿದವನು ಅರುವತ್ತೋ ಎಪ್ಪತ್ತೋ ವರ್ಷ ಬಾಳುತ್ತಾನೆ. ಬೆಟ್ಟದ ಹೆಸರನ್ನು ಹೊತ್ತ ಚೀಟಿಯು ಪ್ರಾಮಾಣಿಕರ ಕೈಯಿಂದ ಪ್ರಾಮಾಣಿಕರ ಕೈಗೆ ದಾಟುತ್ತ ಹೋದರೆ ಇಬ್ಬರಿಗಿಂತಲೂ ಹೆಚ್ಚು ಕಾಲ ಉಳಿಯುತ್ತದೆ.